ಹನ್ನೆರಡು ಸಾಲಿನ ಮಿಡ್ಲ್‌ವೇರ್

ನಾನು ಬರೆದ ಹನ್ನೆರಡು ಸಾಲು ಕೋಡ್ ಒಂದು ಗಳಿಗೆ ನಿಂತರೆ ಇಡೀ ಕೆನಡಾ ಉಪವಾಸ ಬೀಳುತ್ತದೆ. ಅರ್ಧ ಅಮೆರಿಕವನ್ನೂ ಸೇರಿಸುತ್ತಿದ್ದೆ, ವಿನಯ ಅಡ್ಡ ಬಂತು. ನಮ್ಮ ವಿನಿಪೆಗ್ ಕಚೇರಿ ನಡೆಸುವ ಪಿಜ್ಜಾ ವೆಬ್ ಪುಟದ ಸ್ಟೋರ್, ಅಂದರೆ ಪುಟದ ಲೆಕ್ಕವೆಲ್ಲ ಇಟ್ಟುಕೊಳ್ಳುವ ಉಗ್ರಾಣ, ಒಮ್ಮೆಗೆ ಒಂದೇ ಅಪ್ಪಣೆ ಕೇಳುತ್ತದೆ. ನನ್ನ ಮಿಡ್ಲ್‌ವೇರ್ ನಡುವೆ ಕೂತು, ಅಪ್ಪಣೆಗಳ ಪಟ್ಟಿಯನ್ನೇ ಪಡೆದು ಒಂದೊಂದಾಗಿ ದಾಟಿಸುತ್ತದೆ.

ಆ ಶುಕ್ರವಾರ ನಮ್ಮ ಜೊತೆ ಕೋಡ್ ಬರೆಯುವ ಓರೆಸ್ಟ್ ತನ್ನ ಪಟ್ಟಿಯಲ್ಲಿ ಎರಡು ಅಪ್ಪಣೆಗಳನ್ನು ಹಿಂದುಮುಂದು ಬರೆದ. ಮೊದಲು ‘ಗಿರಾಕಿಯ ಬುಟ್ಟಿ ಖಾಲಿ ಮಾಡು’, ಆಮೇಲೆ ‘ಬುಟ್ಟಿಯಲ್ಲಿರುವುದನ್ನು ಅಡುಗೆಮನೆಗೆ ಕಳಿಸು’. ಹನ್ನೊಂದರ ಹೊತ್ತಿಗೆ ನಾಲ್ಕು ಸಾವಿರ ಖಾಲಿ ಡಬ್ಬಿಗಳು ಊರಲ್ಲಿ ಮೆರವಣಿಗೆ ಹೊರಟಿದ್ದವು. ಸರಿ, ನಲವತ್ತು.

“ಮೂರಕ್ಕೆ ಹೊರಡ್ಲೇಬೇಕು ಕಣ್ರೋ,” ಎಂದ ಓರೆಸ್ಟ್. ಅವನ ಮುಖ ಉಬ್ಬದ ಹಿಟ್ಟಿನಂತಿತ್ತು. “ನನ್ನ ಮಗಳು ಲಾರಿಸಾ ಇವತ್ತು ಹಾಕಿ ಆಟದಲ್ಲಿ ಮೊದಲ್ನೇ ಸಲ ಗೋಲ್ ಕಾಯ್ತಾಳೆ. ಅವಳ ಎರಡು ಆಟ ಆಗ್ಲೇ ತಪ್ಪಿಸ್ಕೊಂಡಿದೀನಿ.”

ಅವನು ಅಡುಗೆಮನೆಯವರ ಬೈಗುಳ ಫೋನಿನಲ್ಲಿ ಕೇಳುತ್ತಿದ್ದಾಗ, ಪಕ್ಕದ ಮೇಜಿನ ಡೆಲ್ಫೀನ್ ಕರಗಿ ಅವನ ಪಟ್ಟಿಯನ್ನು ತಿರುಗಿಸಿಟ್ಟಳು. ನನ್ನ ಕರುಳೂ ಕಲ್ಲಲ್ಲವಲ್ಲ. ಎಲ್ಲ ಪಟ್ಟಿಯನ್ನೂ ಕೆಳಗಿನಿಂದ ಮೇಲಕ್ಕೆ ಓದುವಂತೆ ಮಿಡ್ಲ್‌ವೇರನ್ನೇ ತಿರುಗಿಸಿದೆ. ಒಬ್ಬರು ತಿರುಗಿಸಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತಿರುಗಿದ್ದು ಮತ್ತೆ ತಿರುಗಿ, ಖಾಲಿ ಡಬ್ಬಿ ಖಾಲಿಯೇ ಉಳಿಯಿತು. ಮಿಕ್ಕವರ ಪುಟಗಳು, ಬಂದ ಗಿರಾಕಿಗೆ ಮೊದಲು ‘ಹೋಗಿ ಬನ್ನಿ’, ಆಮೇಲೆ ‘ಸ್ವಾಗತ’ ಅನ್ನತೊಡಗಿದವು. ನಮ್ಮವರೆಲ್ಲ ಜಾಣರು, ತಂತಮ್ಮ ಪಟ್ಟಿಯನ್ನು ಗುಟ್ಟಾಗಿ ತಿರುಗಿಸಿಕೊಂಡರು. ಕೆಲವರು ಎರಡೆರಡು ಸಲ.

ಎರಡೂವರೆಗೆ ಓರೆಸ್ಟ್ ಮಿಡ್ಲ್‌ವೇರ್ ತೆರೆದು ನೋಡಿದ. “ಗಾರ್ತ್, ಇದಕ್ಕೆ ಕೈ ಹಾಕಿದ್ದು ನೀನಾ?”

“ಸ್ವಲ್ಪ ಸುಧಾರಿಸ್ದೆ,” ಎಂದೆ.

ಮೇಲಧಿಕಾರಿ ಮರ್ನಾ ಎದ್ದು ಬಂದಳು. “ಇನ್ನೂರು ಪಟ್ಟಿ ಇದೆ. ಯಾವುದು ನೆಟ್ಟಗಿದೆ, ಯಾವುದು ತಲೆಕೆಳಗು, ದೇವರಿಗೂ ಗೊತ್ತಿಲ್ಲ. ಮಿಡ್ಲ್‌ವೇರ್ ಬರೆದವನೇ ಕೂತು ಸರಿಮಾಡ್ಲಿ. ಓರೆಸ್ಟ್, ನೀನು ಹೊರಡಪ್ಪ.”

ಓರೆಸ್ಟ್ ಕೋಟಿನೊಳಗೆ ಒಂದು ತೋಳು ತೂರಿಸಿದ.

“ಗಾರ್ತ್, ಶುರು ಮಾಡು. ಏಳನೇ ಸಾಲು ಏನ್ ಮಾಡುತ್ತೆ?” ಎಂದಳು ಮರ್ನಾ.

“ಅದು ಬಿಡಿ, ಬೇರೆ ಸಾಲು ಕೇಳಿ,” ಎಂದೆ.

“ಎಂಟನೇದು?”

“ಇಂಟರ್ನೆಟ್‌ನಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಇಟ್ಟಿದ್ರು,” ಎಂದೆ. “ಎತ್ತಿ ತಂದೆ. ಒಳಗೇನಿದೆ ಅಂತ ಇವತ್ತಿಗೂ ಗೊತ್ತಿಲ್ಲ.”

ಓರೆಸ್ಟ್ ತೋಳನ್ನು ಕೋಟಿನಿಂದ ಬಿಡಿಸಿಕೊಂಡು, ಕೂತು, ಲಾರಿಸಾಗೆ ಫೋನ್ ಹಚ್ಚಿದ.

“ಒಂದು ಸಾಲೂ ನಿನ್ನದಲ್ವೇನೋ?” ಎಂದಳು ಮರ್ನಾ.

ಇಷ್ಟಾದ ಮೇಲೆ ಸುಳ್ಳೇಕೆ? ಒಂದು ನನ್ನದೇ. ಬೆಳಿಗ್ಗೆ ತಲೆಕೆಳಗು ಮಾಡಿದೆನಲ್ಲ, ಆ ಸಾಲು.