ನಮ್ಮ ಕಾಕಾನ ಕೀಲಿ ವಿದ್ಯೆ

ನಾನು ಸಾಲಿ ಬಿಟ್ಟದ್ದು ೧೯೯೫ರಲ್ಲಿ, ಒಂಬತ್ತನೆಯ ಇಯತ್ತೆಯ ನಡುವೆ. ನಮ್ಮ ಕಾಕಾ ವಿದ್ಯೆಗೆ ಕೈಹಾಕಿದ್ದು ಎರಡು ವರ್ಷದ ಹಿಂದೆ, ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ. ಆದರೆ ಆರಿಸಿಕೊಂಡ ವಿದ್ಯೆ ಮಾತ್ರ ಕಳ್ಳರದು. ಚಾವಿ ಇಲ್ಲದೆ ಕೀಲಿ ತೆಗೆಯುವುದು! (ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ, ಅದನ್ನು ತೆಗೆಯುವುದು ಚಾವಿ. ಬೆಂಗಳೂರಿನವರು ತಿದ್ದಲು ಬರಬೇಡಿ.)

ಮೊದಲೇ ಹೇಳಿಬಿಡುತ್ತೇನೆ, ಅವನು ಕಳ್ಳನಲ್ಲ. ಮೊರಬದ ಹತ್ತಿರ ಆರೆಕರೆ ಎರೆಹೊಲ ಮಾಡುವ ರೈತ. ಹಣೆಗೆ ವಿಭೂತಿ ಹಚ್ಚದೆ ಚಹಾ ಸಹ ಕುಡಿಯುವುದಿಲ್ಲ. ನನ್ನ ಅಪ್ಪ-ಅವ್ವ ಇಬ್ಬರೂ ಬೇಗ ತೀರಿಕೊಂಡರು. ಮಕ್ಕಳಿಲ್ಲದ ಕಾಕಾ, ಚಿಗವ್ವ ನನ್ನನ್ನು ಸಾಕಿದರು. ಸಾಲಿ ಬಿಟ್ಟು ನವಲಗುಂದದ ವೆಲ್ಡಿಂಗ್ ಅಂಗಡಿ ಸೇರುತ್ತೇನೆ ಎಂದು ನಾನು ಹೇಳಿದ ದಿನ ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಸೈಕಲ್ ಹತ್ತಿ ಎಲ್ಲಿಗೋ ಹೋದ, ಸಂಜೆಗೆ ಬಂದ, ರೊಟ್ಟಿ ತಿಂದ. ಮರುದಿನ ನಮ್ಮ ಕಾಳಿನ ಕೋಣೆಯ ಹಿತ್ತಾಳೆ ಕೀಲಿ ಕಳುವಾಗಿದೆ ಎಂದು ಚಿಗವ್ವ ಇಡೀ ಓಣಿಗೆ ಕೇಳುವಂತೆ ಬೈದಳು. ಆ ಗದ್ದಲದಲ್ಲಿ ನನ್ನ ಸಾಲಿಯ ವಿಷಯ ಮುಚ್ಚಿಹೋಯಿತು.

ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಈಗ ನವಲಗುಂದದಲ್ಲಿ ನನ್ನದೇ ಅಂಗಡಿ ಇದೆ. ನಾನು ಮಾಡಿದ ಶಟರು, ತಿಜೋರಿ, ಗ್ರಿಲ್ಲು ಹಿಡಿದು ಎಳೆದು ನೋಡಿ, ಬೇಕಾದರೆ ಟ್ರ್ಯಾಕ್ಟರ್ ಕಟ್ಟಿ ಎಳೆಯಿರಿ. ಊರೆಲ್ಲ ಭೇಷ್ ಅಂದಿದೆ. ಕಾಕಾ ಒಬ್ಬ ಅಂದಿಲ್ಲ. ಒಂದು ಸಲ ಅಂದರೆ ಅವನ ಗಂಟೇನು ಹೋಗುತ್ತಿತ್ತು? ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಇದೊಂದು ನನ್ನನ್ನು ಕಾಡುತ್ತಲೇ ಇತ್ತು.

ಕೀಲಿ ಹುಚ್ಚು ಹಿಡಿದದ್ದು ಹೀಗೆ. ಎರಡು ವರ್ಷದ ಹಿಂದೆ ಕಡಲೆ ಕಿತ್ತ ಮೇಲೆ ಕಾಕಾ ಬರಿಹೊಲದಲ್ಲಿ ಬಗ್ಗಿ ಮೂರು ದಿನ ಏನನ್ನೋ ಹುಡುಕಿದ. ಏನೆಂದು ಕೇಳಿದರೆ "ಏನಿಲ್ಲ" ಎಂದ. ನಾಲ್ಕನೆಯ ದಿನ ಸಂತೆಗೆ ಹೋಗಿ ಗುಜರಿಯವನ ಹತ್ತಿರ ಚಾವಿ ಇಲ್ಲದ ಹಳೆಯ ಕೀಲಿಗಳನ್ನು ಕಿಲೋ ಲೆಕ್ಕದಲ್ಲಿ ತಂದ. ಹರಿದ ಛತ್ರಿಯ ಕಡ್ಡಿ, ಸೈಕಲ್ಲಿನ ಸ್ಪೋಕು, ನನ್ನ ಅಂಗಡಿಯ ಮುರಿದ ಬ್ಲೇಡು, ಇವನ್ನೆಲ್ಲ ತಿಕ್ಕಿ ಬಗ್ಗಿಸಿ ಹತ್ಯಾರ ಮಾಡಿಕೊಂಡ. ಗುರು ಯಾರು? ಫೋನು. ಅದರಲ್ಲಿ ಯಾವ ದೇಶದವನದೋ ಎರಡು ಕೈ ಕಾಣುತ್ತಿದ್ದವು. ಕಾಕಾ ಧ್ವನಿ ಬಂದ್ ಮಾಡಿ ನೋಡುತ್ತಿದ್ದ.

"ಅವನ ಬಾಯಿ ತಗೊಂಡು ಏನ್ ಮಾಡ್ಲಿ? ಕೈ ನೋಡಿದ್ರ ಸಾಕು" ಎಂದ.

ವಿದ್ಯೆ ಇಷ್ಟೇ. ಒಂದು ಕಡ್ಡಿಯಿಂದ ಕೀಲಿಯನ್ನು ತಿರುಗಿಸುವ ಕಡೆಗೆ ಹಗುರಾಗಿ ಒತ್ತಿ ಹಿಡಿಯಬೇಕು, ಇನ್ನೊಂದರಿಂದ ಒಳಗಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಎತ್ತಬೇಕು. ನಾನು ಒಮ್ಮೆ ಪ್ರಯತ್ನಿಸಿದೆ. ಎರಡು ಕಡ್ಡಿ ಮುರಿದೆ.

"ಎಮ್ಮಿ ಹಿಂಡಿ ಗೊತ್ತದ ಇಲ್ಲೋ ನಿನಗ? ಜಗ್ಗಿದ್ರ ಒದೀತದ. ಹಗೂರಕ ಹಿಡಿ, ತಾನ ಬಿಡ್ತದ" ಎಂದು ಕಾಕಾ ಕಸಿದುಕೊಂಡ.

ಅವನ ಮೊದಲನೆಯ ಕೀಲಿ ಬಿಟ್ಟದ್ದು ಹದಿನೆಂಟನೆಯ ದಿನ. ಸಂತೋಷಕ್ಕೆ ಚಿಗವ್ವನನ್ನು ಕರೆದು ತೋರಿಸಿದ. ಅವಳು ನಂಬಲಿಲ್ಲ. "ತಡಿ, ಹೊಳ್ಳಿ ತೋರಸ್ತೀನಿ" ಎಂದು ಕೀಲಿ ಹಾಕಿದ. ಮತ್ತೆ ಒಂಬತ್ತು ದಿನ ಬೇಕಾಯಿತು.

ಈ ವಿದ್ಯೆಗೆ ಎರಡು ಕಟ್ಟಳೆಗಳಿವೆಯಂತೆ. ತನ್ನದಲ್ಲದ ಕೀಲಿ ಮುಟ್ಟಬಾರದು. ತನ್ನದಾದರೂ, ಕೆಲಸದಲ್ಲಿರುವ ಕೀಲಿ ಮುಟ್ಟಬಾರದು. ಅಂದರೆ ಈ ವಿದ್ಯೆಯಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ! ಒಮ್ಮೆ ಹಾಲಿನ ಡೇರಿಯ ಕಾರ್ಯದರ್ಶಿ ಚಾವಿ ಕಳೆದುಕೊಂಡ. ಹಾಲಿನ ಕ್ಯಾನು ಹಿಡಿದು ಅರ್ಧ ಊರು ಬಾಗಿಲಲ್ಲಿ ನಿಂತಿತ್ತು. ಕಾಕಾನನ್ನು ಕರೆದರು. ಅವನು ಬಂದ, ಬಗ್ಗಿ ಕೀಲಿ ನೋಡಿದ.

"ಚಲೋ ಕೀಲಿ ಐತಿ" ಎಂದ.

"ತೆಗೀರಿ ಮತ್ತ."

"ನಡಿಯೂ ಕೀಲಿ ಐತ್ರಿ. ನಾ ಮುಟ್ಟಂಗಿಲ್ಲ."

ಅವರು ಬೈಯುತ್ತ ಕಲ್ಲಿನಿಂದ ಒಡೆದರು. ಕಾಕಾ ಕೆಳಗೆ ಬಿದ್ದ ಕೀಲಿಯನ್ನು ಎತ್ತಿ, ಧೂಳು ಒರೆಸಿ, "ಇನ್ನ ಇದನ್ನ ಒಯ್ಯಲೇನ್ರಿ?" ಎಂದು ಕೇಳಿ ಜೇಬಿಗೆ ಹಾಕಿಕೊಂಡು ಬಂದ. ಮನೆಯಲ್ಲಿ ಚಿಗವ್ವನ ಟ್ರಂಕಿನ ಚಾವಿ ಕಳೆದಾಗಲೂ ಇದೇ ಪಂಚಾಯಿತಿ. "ಟ್ರಂಕ್ ನನ್ನ ಹೆಸರಿಗಿ ಬರದು ಕೊಡು, ತೆಗೀತೀನಿ" ಎಂದ. "ನಿಮ್ಮನ್ನs ಟ್ರಂಕಿನ್ಯಾಗ ಹಾಕಿ ಕೀಲಿ ಜಡೀತೀನಿ, ಒಳಗಿನಿಂದ ತೆಗೀರಿ" ಎಂದಳು ಚಿಗವ್ವ.

ನನಗೆ ತಾಪತ್ರಯವಾದದ್ದು ಅವನು ಅಂಗಡಿಗೆ ಬಂದು ಕೂರತೊಡಗಿದಾಗ. ಒಬ್ಬರು ಮಗಳ ಮದುವೆಗೆ ತಿಜೋರಿ ನೋಡಲು ಅಣ್ಣಿಗೇರಿಯಿಂದ ಬಂದಿದ್ದರು. ನಾನು ತಗಡಿನ ದಪ್ಪ ಹೇಳುತ್ತಿದ್ದೆ, ಬಣ್ಣ ತೋರಿಸುತ್ತಿದ್ದೆ. ಹಿಂದಿನಿಂದ ಟಕ್ ಎಂದಿತು. ಕಾಕಾ ಅದರ ಕೀಲಿ ತೆಗೆದಿದ್ದ. ಪಕ್ಕಕ್ಕಿಟ್ಟ ಚಹಾ ಇನ್ನೂ ಅರ್ಧ ಇತ್ತು. ತಿಜೋರಿ ಮಾರುವ ತನಕ ನಮ್ಮದೇ, ಕೆಲಸದಲ್ಲೂ ಇಲ್ಲ. ಹಾಗಾಗಿ ಎರಡೂ ಕಟ್ಟಳೆಗೆ ಸರಿಯೇ!

"ಏನ್ರಿ ಇದು? ಈ ಅಜ್ಜಾರ ತಗದ್ರ ಕಳ್ಳ ತೆಗೆಯಂಗಿಲ್ಲೇನು?" ಎಂದರು ಗಿರಾಕಿ.

"ಕಳ್ಳಗ ಇಷ್ಟು ತಾಳ್ಮಿ ಇದ್ದಿದ್ರ ದುಡದು ತಿಂತಿದ್ದ" ಎಂದ ಕಾಕಾ.

ಗಿರಾಕಿ ನಕ್ಕರು, ಆದರೆ ತಿಜೋರಿ ಒಯ್ಯಲಿಲ್ಲ. ಆ ದಿನ ನಾನು ಅಂದದ್ದು ನೆನಪಿದೆ: "ಕಾಕಾ, ನನ್ನ ಕೆಲಸಕ್ಕ ಭೇಷ್ ಅನ್ನಬ್ಯಾಡ. ಸುಮ್ನ ಕೂಡಾಕರ ಬರ್ತದಿಲ್ಲೋ?" ಅವನು ಸ್ಟೂಲನ್ನು ಎತ್ತಿಕೊಂಡು ಹೋಗಿ ಎದುರಿನ ಚಹಾದಂಗಡಿಯ ಮುಂದೆ ಹಾಕಿಕೊಂಡು ಕುಳಿತ. ಹದಿನೈದು ದಿನ ಅಲ್ಲೇ ಕುಳಿತ.

ಅಷ್ಟರಲ್ಲಿ ನಮ್ಮ ಊರ ಹೊರಗಿನ ದರ್ಗಾದ ಕೆಲಸ ಬಂತು. ಯಮನೂರಿನ ದರ್ಗಾದಷ್ಟು ದೊಡ್ಡದಲ್ಲ, ಬೇವಿನ ಗಿಡದ ಕೆಳಗೆ ಒಂದು ಗೋರಿ, ಸುತ್ತ ಕಬ್ಬಿಣದ ಗ್ರಿಲ್ಲು. ನಮ್ಮವರೂ ಹೋಗುತ್ತಾರೆ, ಮುಸಲ್ಮಾನರೂ ಬರುತ್ತಾರೆ. ಹರಕೆ ಹೊತ್ತವರು ಗ್ರಿಲ್ಲಿಗೆ ಒಂದು ಕೀಲಿ ಹಾಕಿ ಚಾವಿ ಮನೆಗೆ ಒಯ್ಯುತ್ತಾರೆ; ಬೇಡಿದ್ದು ಆದ ದಿನ ಬಂದು ಕೀಲಿ ತೆಗೆದು ಸಕ್ಕರೆ ಹಂಚುತ್ತಾರೆ. ಗ್ರಿಲ್ಲು ತುಕ್ಕು ತಿಂದಿತ್ತು. ನಾನು ಹೊಸದನ್ನು ಮಾಡಿ ಒಯ್ದು ಪಕ್ಕದಲ್ಲೇ ನಿಲ್ಲಿಸಿ, ಹಳೆಯದಕ್ಕೆ ಗ್ಯಾಸ್ ಕಟ್ಟರ್ ಹಚ್ಚಲು ಹೋದೆ. ಅದರ ಮೇಲೆ ಐವತ್ತೆರಡು ಕೀಲಿಗಳಿದ್ದವು. ದರ್ಗಾ ನೋಡಿಕೊಳ್ಳುವ ಮುಜಾವರ ಚಾಚಾ ಅಡ್ಡ ಬಂದರು.

"ಬ್ಯಾಡಪಾ. ಒಂದೊಂದೂ ಒಬ್ಬೊಬ್ಬರ ಹರಕಿ. ಕೀಲಿ ಒಡದ್ರ ಬೇಡಿದ್ದೂ ಒಡದಂಗ."

"ಹಂಗಾರ ಹೆಂಗ್ ಮಾಡೂದು ಚಾಚಾ?"

"ನಿಮ್ಮ ಕಾಕಾ ಅದಾರಲ್ಲ."

ನಾನು ಮುಖ ಸಣ್ಣದು ಮಾಡಿಕೊಂಡು ಚಹಾದಂಗಡಿಗೆ ಹೋಗಿ ಕರೆತಂದೆ. ಕಾಕಾ ಗ್ರಿಲ್ಲಿನ ಸುತ್ತ ಒಂದು ಸುತ್ತು ಬಂದು ತಲೆ ಅಲ್ಲಾಡಿಸಿದ.

"ಎಲ್ಲಾ ನನ್ನವೇನು ಚಾಚಾ? ಮತ್ತ ಎಲ್ಲಾ ನಡಿಯೂ ಕೀಲಿ. ಹಾಕಿದವರು ಕಾಯಾಕತ್ತಾರ."

ಚಾಚಾ ಗಡ್ಡ ನೀವಿಕೊಂಡರು. "ಅಣ್ಣಾರ, ಹಾಕೂತನಕ ಅವರವು. ಹಾಕಿದ ಮ್ಯಾಲ ಇಲ್ಲಿ ಮಲಗಿದ ಅಜ್ಜಾರವು. ಅಜ್ಜಾರು ಈಗ ಮನಿ ಬದಲಿ ಮಾಡಾಕತ್ತಾರ. ಸಾಮಾನು ಎತ್ತಿಡಾಕ ನಿಮ್ಮನ್ನ ಕರದಾರ, ಅಷ್ಟs."

ಕಾಕಾ ಜೇಬಿನಿಂದ ಕಡ್ಡಿ ತೆಗೆದ. ಆಮೇಲೆ, "ಒಂದು ತೆಗೆಯೂದು, ಹೊಸಾದಕ್ಕ ಹಾಕೂದು, ಆಮ್ಯಾಲ ಇನ್ನೊಂದು. ನಡುವ ಚಹಾ ಇಲ್ಲ" ಎಂದ.

ಮೂರು ದಿನ ಹಿಡಿಯಿತು. ನಾನು ಎಣ್ಣೆ ಬಿಡುವುದು, ಅವನು ತೆಗೆಯುವುದು. ಮೂರನೆಯ ದಿನ ಕೊನೆಯ ಮೂಲೆಯಲ್ಲಿ ಒಂದು ಹಿತ್ತಾಳೆ ಕೀಲಿ ಉಳಿದಿತ್ತು. ಅದರ ಎಡ ಮಗ್ಗುಲಲ್ಲಿ ತಗ್ಗು ಬಿದ್ದಿತ್ತು. ಆ ತಗ್ಗು ನನ್ನದು. ಮೂರನೆಯ ಇಯತ್ತೆಯಲ್ಲಿದ್ದಾಗ ಬದಾಮಿ ಕಾಯಿ ಒಡೆಯಲು ಅದರಿಂದಲೇ ಕುಟ್ಟಿದ್ದೆ.

"ಕಾಕಾ, ಇದು ನಮ್ಮ ಕಾಳಿನ ಕ್ವಾಣಿ ಕೀಲಿ."

"ಹೌದು."

"ಇಲ್ಲಿಗೆ ಹೆಂಗ ಬಂತು?"

"ಸೈಕಲ್ ಮ್ಯಾಲ."

ನಾನು ಎಣ್ಣೆ ಡಬ್ಬಿ ಕೆಳಗಿಟ್ಟೆ. "ಏನ್ ಬೇಡಿಕೊಂಡಿದ್ದಿ?"

"ನೀ ಹೊಳ್ಳಿ ಸಾಲಿಗಿ ಹೋಗ್ಲಿ ಅಂತ" ಎಂದ ಕಡ್ಡಿ ಒರೆಸುತ್ತ. "ಚಾವಿ ಸೊಂಟದ ಚೀಲದಾಗ ಇಟ್ಕೊಂಡಿದ್ದೆ. ಎರಡು ವರ್ಷದ ಹಿಂದ ಕಡ್ಲಿ ಕೀಳೂ ಮುಂದ ಎರಿ ಬಿರುಕಿನಾಗ ಬಿತ್ತು. ಎರಿ ನುಂಗಿದ್ದು ಹೊಳ್ಳಿ ಕೊಡ್ತದೇನು? ನಾಳೆ ನೀ ಸಾಲಿಗಿ ಹೋದಿ ಅಂದ್ರ ಕೀಲಿ ತೆಗೀಬೇಕಲ್ಲಪಾ. ಒಡಿಯಾಕ ಬರಂಗಿಲ್ಲ. ಅದಕ್ಕ ಕಲತೆ."

ನನಗೆ ನಲವತ್ತನಾಲ್ಕು ವರ್ಷ. ಮೀಸೆಯಲ್ಲಿ ಬಿಳಿ ಕೂದಲಿವೆ. ನಗಬೇಕೆಂದುಕೊಂಡೆ, ಬರಲಿಲ್ಲ.

ಕಾಕಾ ಆ ಕೀಲಿಗೆ ಕಡ್ಡಿ ಹಾಕಿದ. ಅದೊಂದಕ್ಕೇ ಒಂದು ತಾಸು ಬೇಕಾಯಿತು. ಬಿಟ್ಟಾಗ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಗ್ಗನ್ನು ಸವರಿದ.

"ಮನಿಗಿ ಒಯ್ಯೂಣು ಕಾಕಾ" ಎಂದೆ. "ಚಿಗವ್ವ ಇನ್ನೂ ಕಳ್ಳನ್ನ ಬೈತಾಳ."

"ಯಾಕ? ಸಾಲಿಗಿ ಹೋದೇನು ನೀ?"

ಹೊಸ ಗ್ರಿಲ್ಲಿನ ಉದ್ದಕ್ಕೂ ಹೆಬ್ಬೆರಳಿನಿಂದ ಬೆಸುಗೆಗಳನ್ನು ತಡವುತ್ತ ಹೋದ. ಒಂದೆರಡನ್ನು ಜಗ್ಗಿ ನೋಡಿದ. ಮೂಲೆಯ ಒಂದು ಕೂಡಿನ ಹತ್ತಿರ ನಿಂತ.

"ಇದು ನೀ ಕೂಡಿಸಿದ್ದೋ, ಆಳು ಕೂಡಿಸಿದ್ದೋ?"

"ನಾನs."

"ಗೊತ್ತಾತು. ಇದು ಬಿಡಂಗಿಲ್ಲ. ಇಲ್ಲೇ ಹಾಕ್ತೀನಿ."

ಟಕ್ ಎಂದಿತು. ಸ್ಟೂಲು ಮರುದಿನ ನನ್ನ ಅಂಗಡಿಯೊಳಗೆ ಬಂತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಮಶೀನು, ಒಂದು ಗ್ಯಾಸ್ ಕಟ್ಟರ್, ಎಂಟನೆಯ ಇಯತ್ತೆ ಪಾಸಾದ ಒಂದು ಕಾಗದ, ಸ್ಟೂಲಿನ ಮೇಲೆ ಒಬ್ಬ ಕಾಕಾ. ದರ್ಗಾದ ಮೂಲೆಯಲ್ಲಿ ಒಂದು ಹಿತ್ತಾಳೆ ಕೀಲಿ, ಹಾಕಿದ್ದು. ಚಾವಿ ಇಲ್ಲ.