ಹಿಂದಿನ ಸೀಟು

ಇಷ್ಟೆಲ್ಲ ಫಜೀತಿಗೆ ಕಾರಣ ಒಂದು ಸೀಟು. ಅದೂ ಸೈಕಲ್ಲಿನ ಸೀಟು, ಅದರಲ್ಲೂ ಹಿಂದಿನದು.

ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುತ್ತಿದ್ದ ಗುಮಾಸ್ತರನ್ನು ಬೀದಿಯವರೆಲ್ಲ ‘ನಲ್ಲಿ ಸಾಹೇಬರು’ ಎಂದೇ ಕರೆಯುತ್ತಿದ್ದರು. ನೀರು ಬರದಿದ್ದರೆ ಅವರು ಬೈಸಿಕೊಳ್ಳಬೇಕು. ರಭಸವಾಗಿ ಬಂದು ಪೈಪು ಒಡೆದರೂ ಅವರೇ ಬೈಸಿಕೊಳ್ಳಬೇಕು. ಕೆಂಪು ನೀರು ಬಂದರಂತೂ ಜನ ಬಾಟಲಿಯಲ್ಲಿ ಹಿಡಿದು ತಂದು, ‘ಕುಡೀರಿ ನೋಡೋಣ’ ಎಂದು ಕಿಟಕಿಯೊಳಗೆ ತೂರಿಸುತ್ತಿದ್ದರು. ವರ್ಷಗಟ್ಟಲೆ ಊರಿನ ಗೋಳು ಕೇಳಿದ ಸಾಹೇಬರಿಗೆ ಉಳಿದದ್ದು ಒಂದೇ ಆಸೆ. ಒಂದು ದಿನ, ಒಂದೇ ಒಂದು ದಿನ, ಯಾರೂ ತಮಗೆ ಏನನ್ನೂ ಹೇಳಬಾರದು.

ಅದಕ್ಕೆ ತಕ್ಕ ಜಾಗವೂ ಇತ್ತು. ಊರಾಚೆ ಹೊಳೆಯ ಕಣಿವೆಯುದ್ದಕ್ಕೂ ಹಿಂದೆ ರೈಲು ಓಡುತ್ತಿತ್ತು. ರೈಲು ನಿಂತ ಮೇಲೆ ಹಳಿ ಕಿತ್ತು, ಜಲ್ಲಿಪುಡಿ ಹಾಸಿ, ಆ ದಾರಿಯನ್ನು ಸೈಕಲ್ ತುಳಿಯುವವರಿಗೆ ಬಿಟ್ಟುಕೊಟ್ಟಿದ್ದರು. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಗುಡ್ಡ, ನಡುನಡುವೆ ಹಳೆಯ ಸ್ಟೇಷನ್ನುಗಳು. ಸಾಹೇಬರು ರಜೆ ಹಾಕಿ, ಬ್ರೆಡ್ಡು ಕಟ್ಟಿಕೊಂಡು, ಬೆಳಗ್ಗೆಯೇ ಬಾಡಿಗೆ ಸೈಕಲ್ ಅಂಗಡಿಗೆ ಹೋದರು.

“ಸಿಂಗಲ್ ಸೈಕಲ್ ಒಂದೂ ಇಲ್ಲ ಸಾರ್,” ಎಂದ ಅಂಗಡಿಯವನು. “ಎಲ್ಲ ಕಾಲೇಜ್ ಹುಡುಗ್ರು ಹೊಡ್ಕೊಂಡು ಹೋದ್ರು. ಜೋಡಿ ಸೈಕಲ್ ಒಂದಿದೆ. ಮುಂದೊಂದು ಸೀಟು, ಹಿಂದೊಂದು.”

“ನಾನೊಬ್ನೇ ಕಣಯ್ಯ ಹೋಗೋದು.”

“ಇನ್ನೊಂದು ಸೀಟು ಖಾಲಿ ಇದ್ರೆ ನಿಮಗೇನು ಸಾರ್? ಅದೇನು ಹುಲ್ಲು ಕೇಳುತ್ತಾ, ನೀರು ಕೇಳುತ್ತಾ?”

ಮಾತು ಸರಿ ಅನ್ನಿಸಿತು. ಆ ಉದ್ದನೆಯ ಸೈಕಲ್ಲನ್ನು ಏಣಿ ಹೊತ್ತವನಂತೆ ತಿರುಗಿಸಲಾರದೆ ತಿರುಗಿಸಿ, ಸಾಹೇಬರು ತಮ್ಮ ಬೀದಿಯ ತಿರುವು ದಾಟುವಷ್ಟರಲ್ಲಿ ಎದುರುಮನೆ ದೊಡ್ಡಮ್ಮ ಅಡ್ಡ ನಿಂತಿದ್ದರು. ಕೈಯಲ್ಲಿ ಗಂಟು.

“ಕಣಿವೆ ಕಡೆಗಾ ಮರಿ? ಒಳ್ಳೇದಾಯ್ತು. ಮೊದಲ್ನೇ ಸ್ಟೇಷನ್ ಹತ್ರ ನನ್ನ ತಂಗಿ ಮನೆ. ಬಿಟ್ಬಿಡು.”

“ದೊಡ್ಡಮ್ಮ, ನಾನು ಸ್ವಲ್ಪ ಒಬ್ನೇ…”

“ಅದೇ ಮತ್ತೆ! ಒಬ್ನೇ ಹೋಗೋಕೆ ಬೇಜಾರಲ್ವಾ?” ಎನ್ನುತ್ತ ಅವರು ಹಿಂದಿನ ಸೀಟಿನಲ್ಲಿ ಪ್ರತಿಷ್ಠಾಪಿತರಾದರು.

ಆ ಸೈಕಲ್ಲಿಗೆ ಹಿಂದೆಯೂ ಪೆಡಲುಗಳಿದ್ದವು. ದೊಡ್ಡಮ್ಮ ಅವುಗಳ ಮೇಲೆ ಕಾಲಿಡಲಿಲ್ಲ. ಎರಡೂ ಪಾದಗಳನ್ನು ನಡುವಿನ ಕಂಬಿಯ ಮೇಲೆ ಜೋಡಿಸಿ, “ನಾನು ತುಳಿದ್ರೆ ನಿನಗೆ ಲಯ ತಪ್ಪತ್ತೆ ಮರಿ,” ಎಂದರು. ದಾರಿಯುದ್ದಕ್ಕೂ ತಮ್ಮ ಮನೆ ನಲ್ಲಿಯ ವಾಷರ್ ಬಗ್ಗೆ ಹೇಳಿದರು. ಎಡಕ್ಕೆ ಹೊಳೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸಾಹೇಬರು ಅತ್ತ ಕತ್ತು ತಿರುಗಿಸಿದಾಗಲೆಲ್ಲ, “ಕೇಳ್ತಾ ಇದ್ದೀಯಾ?” ಎಂದು ಬೆನ್ನಿಗೆ ತಿವಿತ ಬೀಳುತ್ತಿತ್ತು.

ಮೊದಲ ಸ್ಟೇಷನ್ನಿನಲ್ಲಿ ದೊಡ್ಡಮ್ಮ ಇಳಿದರು. ಸಾಹೇಬರು ‘ಅಬ್ಬಾ’ ಎಂದು ಉಸಿರು ಬಿಡುವ ಮೊದಲೇ ಸೈಕಲ್ಲು ಮತ್ತೆ ಕುಗ್ಗಿತು. ತಿರುಗಿ ನೋಡಿದರೆ ದಢೂತಿ ಮನುಷ್ಯನೊಬ್ಬ, ಅವನ ಹೆಗಲಿಗೆ ಸುತ್ತಿಕೊಂಡಿದ್ದ ಹಿತ್ತಾಳೆಯ ಭಾರೀ ವಾದ್ಯವೊಂದು. ಅದರ ಬಾಯಿ ಬಾಣಲೆಯಷ್ಟು ಅಗಲವಿತ್ತು.

“ದೊಡ್ಡಮ್ಮೋರು ಫೋನ್ ಮಾಡಿ ಹೇಳಿದ್ರು, ಸೈಕಲ್ ಬರ್ತಾ ಇದೆ ಅಂತ,” ಎಂದ ಆ ಬ್ಯಾಂಡಿನವನು. “ಮುಂದಿನ ಸ್ಟೇಷನ್ನಲ್ಲಿ ನಮ್ಮ ತಂಡದೋರು ಕಾಯ್ತಿದ್ದಾರೆ. ರೈಲು ನಿಂತ ಮೇಲೆ ನಮ್ಮನ್ನ ಯಾರು ಸಾರ್ ಕೇಳ್ತಾರೆ? ದೇವರಂಗೆ ಬಂದ್ರಿ.”

ದೇವರನ್ನು ಕೆಳಗಿಳಿಸುವುದು ಸುಲಭ. ದೇವರು ಭಕ್ತನನ್ನು ಇಳಿಸುವುದು ಹೇಗೆ? ಸಾಹೇಬರು ಹಲ್ಲು ಕಚ್ಚಿ ತುಳಿದರು.

“ಬೇಜಾರಿಲ್ಲ ಅಂದ್ರೆ ಸ್ವಲ್ಪ ಪ್ರಾಕ್ಟೀಸ್ ಮಾಡ್ಲಾ ಸಾರ್?”

ಬೇಜಾರಿದೆ ಎನ್ನುವಷ್ಟರಲ್ಲಿ ‘ಭೋಂ’ ಎಂದಿತು. ಸಾಹೇಬರ ಟೋಪಿ ಹಾರಿ ಹೊಳೆಗೆ ಬಿತ್ತು. ಜೊಂಡಿನೊಳಗಿಂದ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಆದರೆ ನಿಜವಾದ ಅನಾಹುತ ಆದದ್ದು ಗುಡ್ಡದ ಮೇಲಿನ ಮನೆಗಳಲ್ಲಿ. ಎಷ್ಟೋ ವರ್ಷಗಳ ನಂತರ ಕಣಿವೆಯಲ್ಲಿ ಆ ದನಿ ಕೇಳಿತ್ತು.

“ರೈಲು! ರೈಲು ಬಂತು ಕಣ್ರೋ!”

ಮುಂದಿನ ಸ್ಟೇಷನ್ನು ಮುಟ್ಟಿದಾಗ ಪಾಚಿಗಟ್ಟಿದ ಪ್ಲಾಟ್‌ಫಾರಂ ಮೇಲೆ ಜನ ಸಾಲುಗಟ್ಟಿದ್ದರು. ಚೀಲ, ಛತ್ರಿ, ಗಂಟುಮೂಟೆ ಎಲ್ಲ ಸಿದ್ಧವಾಗಿತ್ತು. ಬಂದದ್ದು ರೈಲಲ್ಲ, ಸೈಕಲ್ಲು ಎಂದು ತಿಳಿದಾಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಏನೋ ಒಂದು ಬಂತಲ್ಲ! ಬ್ಯಾಂಡಿನವನು ಇಳಿಯುತ್ತಿದ್ದಂತೆ ಹಿಂದಿನ ಸೀಟಿಗೆ ನಾಲ್ಕಾರು ಕೈ ಬಿದ್ದವು.

“ಟವೆಲ್ ಹಾಕಿರೋದು ನಾನು!”

“ಟವೆಲ್ ಹಾಕ್ದೋರಿಗೆ ಸೀಟು ಅನ್ನೋಕೆ ಇದೇನು ನಿಮ್ಮಪ್ಪನ ಗಾಡಿನಾ?”

“ಸ್ವಾಮಿ, ಹಲ್ಲುನೋವು ಸ್ವಾಮಿ…” ಎಂದು ಕೆನ್ನೆ ಊದಿದ ತಾತ ಅಳುತ್ತಾ ಬಂದ. ಸಾಹೇಬರ ಕರುಳು ಚುರ್ ಎಂದಿತು. ತಾತನನ್ನು ಕೂರಿಸಿಕೊಂಡರು. ಹಲ್ಲುನೋವಿನವನು ಮಾತಾಡಲಾರ ಎಂಬ ಸಣ್ಣ ಸ್ವಾರ್ಥವೂ ಅದರಲ್ಲಿತ್ತು.

ತಾತ ಮಾತಾಡಲಿಲ್ಲ ನಿಜ. ದಾರಿಯುದ್ದಕ್ಕೂ ನರಳಿದ. ಚಕ್ರ ಒಂದು ಕಲ್ಲು ಹತ್ತಿದರೆ “ಅಯ್ಯಯ್ಯೋ” ಎಂದು ಸಾಹೇಬರ ಅಂಗಿಯನ್ನು ಹಿಂದಿನಿಂದ ಹಿಡಿದು ಜಗ್ಗುತ್ತಿದ್ದ. ಹಲ್ಲಿನ ಡಾಕ್ಟರ ಮನೆ ಇದ್ದ ಸ್ಟೇಷನ್ನಿನಲ್ಲಿ ಅವನನ್ನು ಇಳಿಸುವಾಗ ಅಂಗಿಯ ಒಂದು ತೋಳು ಅವನ ಕೈಯಲ್ಲೇ ಉಳಿಯಿತು. ಅದನ್ನು ಮಡಿಸಿ ಕೆನ್ನೆಗೆ ಒತ್ತಿಕೊಂಡು, “ಪುಣ್ಯಾತ್ಮ,” ಎಂದ.

ಸಾಹೇಬರ ತಾಳ್ಮೆ ಅಲ್ಲಿಗೆ ಹರಿಯಿತು. ಸ್ವಲ್ಪ ದೂರ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೈಕಲ್ಲಿನ ಚೀಲದಲ್ಲಿದ್ದ ಸ್ಪ್ಯಾನರ್ ತೆಗೆದು ಹಿಂದಿನ ಸೀಟನ್ನೇ ಬಿಚ್ಚಿದರು. ಪೊದೆಯೊಳಗೆ ಎಸೆದರು. ಬರುವಾಗ ಎತ್ತಿಕೊಂಡರಾಯಿತು. ಈಗ ಅಲ್ಲಿ ನಿಂತಿದ್ದದ್ದು ಒಂದು ಬೋಳು ಕಂಬಿ ಮಾತ್ರ. ಅದರ ಮೇಲೆ ಕೂರುವ ಗಂಡೆದೆ ಯಾರಿಗಿದೆ?

ಹೊಳೆಯ ದಡದಲ್ಲಿ ಒಂದು ಮರ ಕಂಡಿತು. ನೆರಳಿನಲ್ಲಿ ಕೂತರು. ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು. ನೀರಿನ ಜುಳುಜುಳು ಬಿಟ್ಟರೆ ಬೇರೆ ಸದ್ದಿಲ್ಲ. ನೀರು, ಆದರೆ ಅದರ ಬಗ್ಗೆ ದೂರು ಕೊಡುವವರಿಲ್ಲ! ಸಾಹೇಬರ ಕಣ್ಣು ತೇವವಾಯಿತು. ಮೊದಲ ತುತ್ತು ಬಾಯಿಗಿಟ್ಟರು.

“ಸಾರ್! ಓ ಸಾರ್! ನಿಮ್ಮ ಸೀಟು!”

ಕುರಿ ಕಾಯುವವನೊಬ್ಬ ಸೀಟನ್ನು ತಲೆಯ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಓಡಿ ಬಂದ. “ಬಿದ್ದೋಗಿತ್ತು ಸಾರ್! ಪುಣ್ಯಕ್ಕೆ ನನ್ನ ಕಣ್ಣಿಗೆ ಬಿತ್ತು. ಇರಿ ಇರಿ, ನೀವು ಏಳ್ಬೇಡಿ.” ಸ್ಪ್ಯಾನರನ್ನು ಕಿತ್ತುಕೊಂಡು, ನಾಲಿಗೆ ಕಚ್ಚಿ, ಮೈಯ ಭಾರವನ್ನೆಲ್ಲ ಬಿಟ್ಟು ತಿರುವಿದ. “ಇನ್ನು ಜಪ್ಪಯ್ಯ ಅಂದ್ರೂ ಬಿಚ್ಚೋಕಾಗಲ್ಲ.”

“ಎಷ್ಟು ಒಳ್ಳೆ ಜನ!” ಎಂದಿತು ಇನ್ನೊಂದು ದನಿ.

ದಾರಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ನಿಂತಿದ್ದರು. ಚಪ್ಪಲಿ ಕೈಯಲ್ಲಿತ್ತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ತಾವು ಸಾರಿಗೆ ಇಲಾಖೆಯ ಅಧಿಕಾರಿ ಎಂದು ಪರಿಚಯ ಹೇಳಿಕೊಂಡರು. ಕಣಿವೆಯ ಊರುಗಳಿಗೆ ಬಸ್ಸು ಬಿಡಬೇಕೆಂದು ಬಹಳ ದಿನದ ಬೇಡಿಕೆ ಇತ್ತಂತೆ. ಬಸ್ಸು ಕೊನೇ ಸ್ಟೇಷನ್ನಿಗೆ ಬಂದು ನಿಂತೂ ಆಗಿತ್ತು. “ಜನರ ಕಷ್ಟ ಕಣ್ಣಾರೆ ನೋಡೋಣ ಅಂತ ಅಲ್ಲಿಂದ ಆ ಹಿಂದಿನ ಸ್ಟೇಷನ್ ತನಕ ನಡ್ಕೊಂಡು ಹೋಗಿ ವಾಪಸ್ ಬರ್ತಿದ್ದೀನಿ. ಇನ್ನು ಒಂದು ಹೆಜ್ಜೆ ಆಗಲ್ಲ. ಅಲ್ಲೀವರೆಗೆ ಬಿಡ್ತೀರಾ?”

ಸಾಹೇಬರಿಗೆ ಆಕೆಯ ಮಾತಿನಲ್ಲಿ ಕೇಳಿದ್ದು ಒಂದೇ ಪದ: ಬಸ್ಸು. ಅವರ ಕಾಲುಗಳು ಆಗಲೇ ನೆನೆಸಿದ ಹಗ್ಗದಂತಾಗಿದ್ದವು. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ, ಕಿಟಕಿ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು ಮನೆ ಸೇರಬಹುದು. “ಹತ್ತಿ ಮೇಡಂ,” ಎಂದರು. ಆ ದಿನ ಅವರು ಮನಸಾರೆ ಹತ್ತಿಸಿಕೊಂಡ ಮೊದಲ ಪ್ರಯಾಣಿಕರು ಆಕೆಯೇ.

ಆಕೆಯೂ ಪೆಡಲ್ ಮುಟ್ಟಲಿಲ್ಲ. “ಪ್ರಯಾಣಿಕರ ಅನುಭವ ಹೇಗಿರತ್ತೆ ಅಂತ ನೋಡ್ಬೇಕಲ್ಲ,” ಎಂದರು. ಎದುರುಗಾಳಿ ಬೇರೆ ಎದ್ದಿತು. ಸಾಹೇಬರು ಹ್ಯಾಂಡಲ್ಲಿಗೆ ಬಾಗಿ, ತಿದಿಯ ಹಾಗೆ ಏದುತ್ತ ತುಳಿಯತೊಡಗಿದರು.

“ತಾತನೊಬ್ಬ ಸಿಕ್ಕಿದ್ದ, ನೀವೇ ಕರ್ಕೊಂಡು ಬಂದ್ರಿ ಅಂದ. ದುಡ್ಡೂ ಕೇಳ್ಲಿಲ್ಲವಂತೆ. ನಿಜವಾ?”

“ಹೂಂ… ಹೂಂ…” ಸಾಹೇಬರು ಉಸಿರು ಬಿಟ್ಟರು.

“ದಿನಾ ಬರ್ತೀರಾ?”

“ಹೂಂ… ಹೂಂ…”

“ಮಳೆ ಬಂದ್ರೂ?”

“ಹೂಂ… ಹೂಂ… ಹೂಂ…”

“ಅಬ್ಬಾ!” ಎಂದರು ಆಕೆ.

ಕೊನೇ ಸ್ಟೇಷನ್ನಿನ ಅಂಗಳದಲ್ಲಿ ಹೊಸ ಬಸ್ಸು ತೊಳೆದ ತಟ್ಟೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಡ್ರೈವರ್ ಬಾಗಿಲಿಗೆ ಒರಗಿ ಬೀಡಿ ಸೇದುತ್ತಿದ್ದ. ಸಾಹೇಬರಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಸೈಕಲ್ಲನ್ನು ಬಸ್ಸಿನ ಏಣಿಯ ಬಳಿ ತಳ್ಳಿಕೊಂಡು ಹೋಗಿ, ಮುಂದಿನ ಚಕ್ರ ಎತ್ತಿ ಮೇಲಿನ ಮೆಟ್ಟಿಲಿಗೆ ಆನಿಸಿದರು.

ಅಷ್ಟರಲ್ಲಿ ಅಧಿಕಾರಿಯ ಫೋನಿನ ಮಾತು ಕಿವಿಗೆ ಬಿತ್ತು.

“ಹೌದು ಸಾರ್, ನಾನೇ ಕೂತು ಬಂದೆ. ಬಸ್ಸಿನ ಅಗತ್ಯವೇ ಇಲ್ಲ. ಆಗ್ಲೇ ಒಂದು ಸರ್ವೀಸ್ ಓಡ್ತಾ ಇದೆ. ದಿನಾ ಇದೆ, ಮಳೆಗಾಲದಲ್ಲೂ ಇದೆ, ದುಡ್ಡಂತೂ ಇಲ್ವೇ ಇಲ್ಲ. ಓಡಿಸೋರನ್ನೇ ಕೇಳಿ ಖಾತ್ರಿ ಮಾಡ್ಕೊಂಡೆ… ಸರಿ ಸಾರ್, ಬಸ್ಸನ್ನ ಈಗ್ಲೇ ಬೇರೆ ಕಡೆ ಕಳಿಸ್ತೀನಿ.”

“ಮೇಡಂ! ಅಲ್ಲ ಮೇಡಂ! ಅದು ಹೂಂ ಅಲ್ಲ, ಉಸಿರು!” ಎಂದು ಸಾಹೇಬರು ಕಿರುಚಿದರು. ಆದರೆ ಡ್ರೈವರ್ ಬೀಡಿ ಎಸೆದು, ಆಕೆ ಕೈಬೀಸಿದ್ದೇ ತಡ ಇಂಜಿನ್ ಚಾಲೂ ಮಾಡಿದ್ದ. ಬಸ್ಸು ಗುರ್ರೆಂದಿತು. ಸಾಹೇಬರು ಸೈಕಲ್ಲಿನ ಚಕ್ರ ಹಿಂದಕ್ಕೆಳೆದುಕೊಂಡದ್ದೇ ಪುಣ್ಯ. ಬಸ್ಸು ಸೇತುವೆ ದಾಟಿ, ಗುಡ್ಡದ ಆಚೆಗೆ, ಯಾವುದೋ ಭಾಗ್ಯವಂತರ ಊರಿನ ಕಡೆ ಧೂಳೆಬ್ಬಿಸುತ್ತ ಹೋಯಿತು.

ಧೂಳು ಅಡಗಿತು. ಅಂಗಳದಲ್ಲಿ ಇಬ್ಬರೇ ಉಳಿದರು. ಅಧಿಕಾರಿ ನಗುತ್ತ ಫೋನು ಚೀಲಕ್ಕಿಟ್ಟರು. ಆಮೇಲೆ ಅವರ ನಗು ನಿಂತಿತು.

“ಅಯ್ಯೋ! ನಾನೂ ಅದೇ ಬಸ್ಸಲ್ಲಿ ವಾಪಸ್ ಹೋಗ್ಬೇಕಿತ್ತಲ್ಲ!”

ಸಾಹೇಬರು ಅವರನ್ನು ನೋಡಿದರು. ಅವರು ಸಾಹೇಬರನ್ನು ನೋಡಲಿಲ್ಲ. ಸಾಹೇಬರ ಹಿಂದೆ ನೋಡುತ್ತಿದ್ದರು.

ಸೈಕಲ್ಲು ಕುಗ್ಗಿತು. ಕಂಬಿಯ ಮೇಲೆ ಎರಡು ಪಾದಗಳು ಜೋಡಿಯಾದವು.

“ಕತ್ತಲಾಗೋ ಮುಂಚೆ ಊರಿಗೆ ಬಿಟ್ಬಿಡ್ತೀರಿ ಅಲ್ವಾ?”

ಸಾಹೇಬರು ಸೈಕಲ್ಲು ಹತ್ತಿದರು. ಮುಂದೆ ಇಳಿಜಾರಿಲ್ಲದ ದಾರಿ, ಬಾಡಿಗೆಯ ಸೈಕಲ್ಲು, ಬರಲಿರುವ ಕತ್ತಲು. ಪೆಡಲ್ ಒತ್ತಿದರು. ಹಿಂದಿನಿಂದ ಆಕೆ ಮತ್ತೆ ಫೋನ್ ಹಚ್ಚಿದ ಸದ್ದು ಕೇಳಿಸಿತು.

“ಸಾರ್, ಇನ್ನೊಂದು ಮಾತು ಹೇಳೋದು ಮರ್ತೆ. ಹೋಗೋಕಷ್ಟೇ ಅಲ್ಲ, ವಾಪಸ್ ಬರೋಕೂ ಇದೆ!”