ಕಂಪ್ಯೂಟರ್‌ಗೊಂದು ಗಟ್ಟಿ ಪೆಟ್ಟಿಗೆ

ಪೆಟ್ಟಿಗೆ ಗಟ್ಟಿಯಾಗಿದ್ದರೆ ಕಂಪ್ಯೂಟರ್ ಶಿವಮೊಗ್ಗದಿಂದ ಕ್ಷೇಮವಾಗಿ ಭದ್ರಾವತಿ ತಲುಪುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಾನು ಹಿಡಿದ ಕೆಲಸಗಳೆಲ್ಲ ಇಂಥ ಒಂದು ನಂಬಿಕೆಯಿಂದಲೇ ಶುರುವಾಗುತ್ತವೆ.

ಅದು ನಲವತ್ತು ವರ್ಷ ಹಳೆಯ ಯಂತ್ರ. ಕೀಲಿಮಣೆಯೊಳಗೇ ಇಡೀ ಕಂಪ್ಯೂಟರ್. ನಾನು ಓದಿದ ಶಾಲೆ ಗುಜರಿಗೆ ಹಾಕಿದಾಗ ತಂದು, ರಿಪೇರಿ ಮಾಡಿಟ್ಟುಕೊಂಡಿದ್ದೆ. ಅದರಲ್ಲಿ ನಮಗೆ ಪಾಠ ಮಾಡಿದ ಮೇಷ್ಟ್ರು ಈಗ ಭದ್ರಾವತಿಯ ಕಾಗದನಗರದಲ್ಲಿದ್ದಾರೆ. ಮಂಡಿನೋವು, ಮನೆ ಬಿಟ್ಟು ಕದಲುವುದಿಲ್ಲ. ಒಂದು ದಿನ ಫೋನ್ ಮಾಡಿದರು.

"ನಾನು ಕಂಪ್ಯೂಟರ್ ಕಲಿಸ್ತಿದ್ದೆ ಅಂದ್ರೆ ಸೊಸೆ ನಗ್ತಾಳೆ ಕಣಯ್ಯ. ಮೊಬೈಲಲ್ಲಿ ಫೋಟೋ ಕಳಿಸೋಕೆ ಬರಲ್ಲ, ಕಂಪ್ಯೂಟರ್ ಮೇಷ್ಟ್ರಂತೆ ಅಂತಾಳೆ. ಒಂದ್ಸಲ ತಂದು ತೋರಿಸು."

ಭಾನುವಾರ ತರುತ್ತೇನೆ ಎಂದೆ.

ಬಡಗಿ

ಪೆಟ್ಟಿಗೆ ತೆಳು ಪ್ಲೈವುಡ್ಡಿನದಾಗಿರಬೇಕು, ಮುಚ್ಚಳದೊಳಗೆ ಪುಟ್ಟ ಪರದೆ ಕೂರಬೇಕು, ಕರೆಂಟ್ ವೈರ್‌ಗೆ ಒಂದು ತೂತು ಬೇಕು ಎಂದು ನಕ್ಷೆ ಕೊಟ್ಟಿದ್ದೆ. ಬಡಗಿ ಮನೆಬಾಗಿಲು ಮಾಡಿ ಉಳಿದಿದ್ದ ಹಲಸಿನ ಹಲಗೆಯಲ್ಲಿ ಮಾಡಿದ್ದ.

"ಪ್ಲೈವುಡ್ ಮಳೆಗಾಲಕ್ಕೆ ಹಪ್ಪಳ ಆಗುತ್ತೆ ಸಾರ್. ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

"ವೈರಿನ ತೂತು ಎಲ್ಲಿ?"

"ತೂತು ಬಿಟ್ರೆ ಇಲಿ ನುಗ್ಗಲ್ವಾ?"

ವೆಲ್ಡರ್

ಹಿಡಿಕೆ ಹಾಕಿಸಲು ಪಕ್ಕದ ಬೀದಿಯ ವೆಲ್ಡರ್ ಹತ್ತಿರ ಒಯ್ದೆ. ಭದ್ರಾವತಿಯಲ್ಲಿ ಉಕ್ಕಿನ ಕೆಲಸ ಮಾಡಿ ನಿವೃತ್ತರಾದವರು. ಹಿಡಿಕೆ ಹಾಕಿದರು. ಜೊತೆಗೆ ನಾಲ್ಕೂ ಮೂಲೆಗೆ ನಾನು ಕೇಳದ ಕಬ್ಬಿಣದ ಆಂಗಲ್ ಪಟ್ಟಿ.

"ರೋಡ್ ರೋಲರ್ ಹತ್ತಿದ್ರೂ ಏನೂ ಆಗಲ್ಲ ಸಾರ್."

"ರೋಲರ್ ಯಾಕೆ ಹತ್ತುತ್ತೆ? ಬಸ್ಸಲ್ಲಿ ತಗೊಂಡು ಹೋಗ್ತೀನಿ."

"ಬಸ್ಸಿಗೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ ಮಾರಾಯ್ರೆ."

ಅಮ್ಮ

ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ ಆಟೋ ತರಲು ಹೊರಟೆ. ಅಮ್ಮ ತಡೆದರು.

"ಮೊದಲನೇ ಸಲ ಊರು ಬಿಟ್ಟು ಹೋಗ್ತಿದೆ. ಪೂಜೆ ಮಾಡದೆ ಕಳಿಸ್ತೀಯಾ?"

"ಅದು ಮಷಿನ್ ಅಮ್ಮ."

"ಸ್ಕೂಟರ್ ಏನು, ಹಸುವಾ? ಅದಕ್ಕೆ ಆಯುಧಪೂಜೆ ಮಾಡಲ್ವಾ?"

ಮಾಡು ಎಂದು ಆಟೋ ಹುಡುಕಲು ಹೋದೆ. ಆಟೋ ತಂದಾಗ ಪೆಟ್ಟಿಗೆಯ ಮೇಲೆ ಕುಂಕುಮ, ಹಿಡಿಕೆಗೆ ನಿಂಬೆಹಣ್ಣು, ಸೇವಂತಿಗೆ ಹಾರ. ಎತ್ತಿದೆ. ಸೊಂಟ ಕಟ್ ಎಂದಿತು. ಯಂತ್ರಕ್ಕಿಂತ ಪೂಜೆ ನನಗೇ ಹೆಚ್ಚು ಬೇಕಿತ್ತು.

ಬಸ್ಸು

ಬಸ್ಸು ತುಂಬಿತ್ತು. ಪೆಟ್ಟಿಗೆ ನೋಡಿದ್ದೇ ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟರು. ಥ್ಯಾಂಕ್ಸ್ ಹೇಳಿ ಕೂರಲು ಹೋದೆ.

"ನಿಮಗಲ್ಲ," ಎಂದರು. "ದೇವರನ್ನ ಕೂರಿಸಿ."

"ಇದು ದೇವರಲ್ಲಮ್ಮ, ಕಂಪ್ಯೂಟರ್."

ಆಕೆ ನಿಂಬೆಹಣ್ಣು ನೋಡಿದರು, ನನ್ನ ಮುಖ ನೋಡಿದರು, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಂಡಕ್ಟರ್ ಚಪ್ಪಲಿ ಬಿಟ್ಟು ಬಂದು ನನಗೆ ಮಾತ್ರ ಟಿಕೆಟ್ ಹರಿದ. ಭದ್ರಾವತಿಯವರೆಗೂ ಪೆಟ್ಟಿಗೆ ಕೂತಿತ್ತು, ನಾನು ನಿಂತಿದ್ದೆ.

ಕಾಗದನಗರ

ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಅಕ್ಕಪಕ್ಕದ ಕ್ವಾರ್ಟರ್ಸಿನ ನಾಲ್ಕೈದು ಜನರನ್ನೂ ಕರೆದು ಕೂರಿಸಿದ್ದರು. ಸೊಸೆ ಕೈಕಟ್ಟಿ ಬಾಗಿಲಿಗೆ ಒರಗಿದ್ದಳು.

"ಈಗ ನೋಡಮ್ಮ," ಎಂದು ಮೇಷ್ಟ್ರು ತಾವೇ ಮುಚ್ಚಳ ತೆರೆದರು.

ಪರದೆ ಇತ್ತು. ವೈರುಗಳಿದ್ದವು. ಕಂಪ್ಯೂಟರ್ ಇರಬೇಕಾದ ಜಾಗದಲ್ಲಿ, ಅಳತೆ ತೆಗೆದು ಮಾಡಿಸಿದಂತೆ, ಒಂದು ಡಬ್ಬಿ ಚಕ್ಕುಲಿ ಕೂತಿತ್ತು.

ಸೊಸೆ ಬಗ್ಗಿ ನೋಡಿದಳು.

"ಮಾವ, ನೀವು ಕಲಿಸ್ತಿದ್ದಿದ್ದು ಇದರಲ್ಲೇನಾ?"

ಮೇಷ್ಟ್ರು ನನ್ನತ್ತ ನೋಡಲಿಲ್ಲ. ನಾನು ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

"ಪೂಜೆಗೆ ಅಂತ ತೆಗೆದಿದ್ದೆ ಕಣೋ," ಎಂದರು ಅಮ್ಮ. "ಜಾಗ ಖಾಲಿ ಕಾಣ್ತು, ಮೇಷ್ಟ್ರ ಮನೆಗೆ ಬರಿಗೈಲಿ ಹೋಗ್ತಾರಾ ಅಂತ ಚಕ್ಕುಲಿ ಇಟ್ಟೆ."

ಕಂಪ್ಯೂಟರ್ ಶಿವಮೊಗ್ಗದಲ್ಲಿ, ನಮ್ಮ ದೇವರ ಮನೆಯಲ್ಲಿತ್ತು.